ಮಾತಾಡಿಸ್ಕಂಡು ಬರಾಣ

ಖಲೀಲ್ ಸಾಹೇಬರು ಕುರಿಗಾರರು ಕುರಿ ಕೂಡುವ ಯಾವ ರೊಪ್ಪಕ್ಕೆ ಹೋದರೂ ಮೋಟರ್ ಸೈಕಲ್ಲನ್ನು ಕೂಗಳತೆ ದೂರದಲ್ಲೇ ನಿಲ್ಲಿಸಿ, ಗಟ್ಟಿಯಾಗಿ ಕೆಮ್ಮಿ, ಆಮೇಲೆ ನಡೆದು ಹೋಗುತ್ತಿದ್ದರು. ಗಂಟಲಿಗೆ ಏನೂ ಆಗಿರಲಿಲ್ಲ. ಕಾಯಿಲೆಯಿಲ್ಲದ ಅಷ್ಟು ದೊಡ್ಡ ಕೆಮ್ಮನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಯಾಕೆಂದು ಕೇಳಿದರೆ, "ನಾವು ಬರೋದು ಅವರಿಗೆ ಮೊದ್ಲೇ ಗೊತ್ತಾಗ್ಬೇಕು ಕಣಮ್ಮ. ತಲೆ ಬಾಚ್ಕಳೋರು ಬಾಚ್ಕಳ್ಲಿ, ನಮ್ಮನ್ನ ಬೈಯೋರು ಬೈದು ಮುಗಿಸ್ಲಿ" ಎನ್ನುತ್ತಿದ್ದರು.

ಹೊಸದುರ್ಗದವರು. ದನದ ಡಾಕ್ಟರಾಗಿ ನಿವೃತ್ತರಾಗಿದ್ದರೂ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಹುಲ್ಲುಗಾವಲಿನ ತೋಳಗಳನ್ನು ಉಳಿಸಲು ಅರಣ್ಯ ಇಲಾಖೆಯೂ ಕುರಿಗಾರರೂ ಕೂಡಿ ಏನಾದರೂ ಮಾಡಬೇಕೆಂಬ ಮಾತು ಹೊರಟಾಗ ಇಬ್ಬರ ನಡುವೆ ನಿಂತವರು ಅವರೇ. ನಾನಾಗ ಹೊಳಲ್ಕೆರೆಯಿಂದ ಬಂದ ಹೊಸ ಫಾರೆಸ್ಟ್ ಗಾರ್ಡ್. ಇಸ್ತ್ರಿ ಮುರಿಯದ ಖಾಕಿ, ಅದಕ್ಕಿಂತ ಬಿಗಿಯಾದ ಮಾತು.

ಆ ವರ್ಷ ಮತ್ತೋಡಿನ ಹತ್ತಿರದ ಹುಲ್ಲಿನ ಕಾವಲಿನಲ್ಲಿ ತೋಳವೊಂದು ಮರಿ ಹಾಕಿತ್ತು. ಕೆಂಚಪ್ಪ ಎಂಬ ಕುರಿಗಾರರ ರೊಪ್ಪಕ್ಕೆ ನುಗ್ಗಿ ಗಬ್ಬದ ಕುರಿಯೊಂದನ್ನು ಕೊಂದುಹಾಕಿತು. ಅವರ ಹಟ್ಟಿಯ ಹುಡುಗರು ತೋಳದ ಬಿಲಕ್ಕೆ ಹೊಗೆ ಹಾಕಲು ಹೊರಟಿದ್ದಾರೆಂದು ಸುದ್ದಿ ಬಂತು. ಮರಿಗಳು ಆಗಷ್ಟೇ ಕಣ್ಣು ಬಿಟ್ಟಿದ್ದವು. ಸಾಹೇಬರಿಗೆ ಫೋನ್ ಮಾಡಿದೆ.

"ಬಾ, ಮಾತಾಡಿಸ್ಕಂಡು ಬರಾಣ" ಎಂದರು.

ಮಾತಿಗೇನು ಬರ, ನನ್ನ ಹತ್ತಿರ ಬೇಕಾದಷ್ಟಿತ್ತು. ಗಾಡಿಯ ಹಿಂದೆ ಕೂತು ದಾರಿಯುದ್ದಕ್ಕೂ ವನ್ಯಜೀವಿ ಕಾಯ್ದೆಯನ್ನು ಒಪ್ಪಿಸಿದೆ. ಸಾಹೇಬರು ಗಾಡಿ ನಿಲ್ಲಿಸಿ ತಿರುಗಿ ನೋಡಿದರು.

"ಸಾವಾದ ಮನೆಗೆ ಹೋಗಿ ಇದನ್ನೇ ಹೇಳ್ತೀಯೇನಮ್ಮ?"

ಆಗ ಹೊಳೆಯಿತು. ಯಾರಾದರೂ ತೀರಿಕೊಂಡರೆ ಅವರ ಮನೆಯವರನ್ನು ಕಂಡು ಬರುತ್ತೇವಲ್ಲ, ಆ ಮಾತಾಡಿಸಿಕೊಂಡು ಬರುವುದು! ಕುರಿ ಸತ್ತರೂ ಹಾಗೆ ಹೋಗಬೇಕೆಂದು ನನಗೆ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಕೆಂಚಪ್ಪನವರು ಕಂಬಳಿ ಹಾಸಿ "ಕುಂತ್ಕಳ್ರಿ" ಎಂದರೇ ಹೊರತು ಮುಖ ಕೊಡಲಿಲ್ಲ. ಸಾಹೇಬರು ತೋಳದ ಸುದ್ದಿಯನ್ನೇ ಎತ್ತಲಿಲ್ಲ.

"ಯಾವುದಪ್ಪ ಅದು, ಕಿವಿ ಮ್ಯಾಲೆ ಬಿಳಿ ಇತ್ತಲ್ಲ, ಅದಾ?"

"ಅದೇ ಸಾಹೇಬ್ರೆ. ಹೋದ ಸಲ ಅಡ್ಡ ಸಿಕ್ಕಂಡಿದ್ದ ಮರೀನ ನೀವೇ ಕೈ ಹಾಕಿ ಈಚೆ ತೆಗೆದ್ರಲ್ಲ, ಅದು" ಎನ್ನುವಾಗ ಕೆಂಚಪ್ಪನವರ ದನಿ ಒಡೆಯಿತು. ಸಾಹೇಬರ ಕಣ್ಣೂ ಒದ್ದೆಯಾಯಿತು. ನಾಟಕವಲ್ಲ, ಅವರಿಗೆ ಆ ಕುರಿಯ ನೆನಪಿತ್ತು. ಟೀ ಬಂತು, ಕುಡಿದೆವು. ಕೊನೆಗೆ ಕೆಂಚಪ್ಪನವರೇ ಆ ಮಾತು ಎತ್ತಿದರು.

"ಹುಡುಗ್ರು ಹೊಗೆ ಹಾಕ್ತೀವಿ ಅಂತಾವೆ. ನೀವೇನಂತೀರಿ?"

ಸಾಹೇಬರು ಬೇಡವೆಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು, "ನನ್ನೇನು ಕೇಳ್ತೀಯಪ್ಪ? ಇಲ್ಲಿ ದಿನಾ ಓಡಾಡೋಳು ಈಕೆ. ಈಕೇನ ಕೇಳು" ಎಂದು ಟೀ ಲೋಟದೊಳಗೆ ಇಣುಕುತ್ತ ಕೂತುಬಿಟ್ಟರು. ಅಷ್ಟು ಸಿಟ್ಟು ನನಗೆ ಅವರ ಮೇಲೆ ಯಾವತ್ತೂ ಬಂದಿರಲಿಲ್ಲ. ಕಾಯ್ದೆ ಬಾಯಿಗೇ ಬರಲಿಲ್ಲ.

"ತೋಳದ ಮರಿ ಓಡಾಡೋ ಗಂಟ ರೊಪ್ಪಾನ ಆ ಕಡೆ ದಿನ್ನೆಗೆ ಹಾಕಾಣ. ಮುಳ್ಳಿನ ಬೇಲಿ ಎತ್ತರಿಸಾಣ. ನಾನೂ ಬರ್ತೀನಿ" ಎಂದೆ.

"ಮುಳ್ಳು ಕಡಿಯಾಕೆ ಬರುತ್ತೇನಮ್ಮ?"

"ಕಲಿಸ್ರಿ."

ಹುಡುಗರು ನಕ್ಕರು. ನನ್ನ ಮುಂಗೈಯೆಲ್ಲ ಗೀರಿಕೊಂಡಿತು, ಖಾಕಿ ಹರಿಯಿತು, ಹೊಗೆ ಮಾತ್ರ ಏಳಲಿಲ್ಲ. ಯುಗಾದಿ ಹೊತ್ತಿಗೆ ತೋಳದ ಮರಿಗಳು ಒಂದರ ಮೇಲೊಂದು ಬಿದ್ದು ಆಡುವುದನ್ನು ಅದೇ ಹುಡುಗರು ನನಗೆ ಕರೆದು ತೋರಿಸಿದರು.

ನನ್ನನ್ನು ಹಾಗೆ ಸಿಕ್ಕಿಸಿದ್ದೇಕೆಂದು ಸಾಹೇಬರನ್ನು ಒಮ್ಮೆ ಜಗಳಕ್ಕೇ ಎಳೆದಿದ್ದೆ. "ತೋಳಾನ ನನ್ನ ಮಾತಿಗೆ ಬಿಟ್ಟಿದ್ರೆ ನಾನಿರೋ ಗಂಟ ಬಿಡ್ತಿದ್ರು. ಆಮೇಲೆ?" ಎಂದಷ್ಟೇ ಹೇಳಿದರು.

ಹೋದ ವರ್ಷ ಅವರು ಚಿತ್ರದುರ್ಗದ ಮಗಳ ಮನೆಯಲ್ಲಿ ತೀರಿಕೊಂಡರು. ನನ್ನ ಕೆಲಸದಲ್ಲಿ ಒಳ್ಳೆಯದೇನಾದರೂ ಇದ್ದರೆ ಅದು ಅವರು ಕೊಟ್ಟದ್ದು. ಬದುಕಿದ್ದಾಗ ಇದನ್ನು ಹೇಳಹೋದರೆ ಮಾತು ತಿರುಗಿಸಿಬಿಡುತ್ತಿದ್ದರು.

ಮೊನ್ನೆ ಬಾಗೂರಿನ ಕಡೆ ತೋಳ ಕುರಿ ಹಿಡಿಯಿತು. ಅಲ್ಲಿ ನನ್ನ ಪರಿಚಯದವರಿಲ್ಲ. ಕರೆಯದಿದ್ದರೂ ಕೆಂಚಪ್ಪನವರು ಜೊತೆಗೆ ಬಂದರು. ರೊಪ್ಪದ ಬಾಗಿಲಲ್ಲಿದ್ದ ಮುದುಕಿ ನನ್ನ ಖಾಕಿಯನ್ನು ಮೇಲಿಂದ ಕೆಳಗೆ ನೋಡಿ, "ಈಕಿ ಯಾರ ಕಡೆಯೋಳು?" ಎಂದಳು. ಸಾಹೇಬರ ಕಡೆಯವಳು ಎನ್ನಬೇಕೆಂದು ಬಾಯಿ ತೆರೆದೆ.

"ನಮ್ಮ ಕಡೆಯೋಳು ಕಣವ್ವ" ಎಂದರು ಕೆಂಚಪ್ಪ.