ಗದ್ದ ಒಯ್ದದ್ದು, ಗಡ್ಡ ಸಿಕ್ಕಿಬಿದ್ದದ್ದು

ಹೋದ ಭಾನುವಾರ ಗೌನಿಪಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ನಾನು ಮಕ್ಕಳ ಕಳ್ಳನಾದೆ. ಕದ್ದದ್ದು ಯಾರ ಮಗುವನ್ನು? ನನ್ನ ಸ್ವಂತ ಮಗಳನ್ನು!

ನನಗೀಗ ಕತ್ತು ಮುಚ್ಚುವಷ್ಟು ಗಡ್ಡ. (ಫ್ಯಾಷನ್ ಅಲ್ಲ, ತಿರುಪತಿ ಹರಕೆ.) ಚಳಿಗಾಲದಲ್ಲಿ ಮೂರು ವರ್ಷದ ಮಗಳು ಸುಮಾಳ ಜ್ವರ ಇಳಿಯದೇ ಹೋದಾಗ ಹೊತ್ತದ್ದು. ಅವಳು ಗುಣವಾದಳು. ಗಡ್ಡ ಬೆಳೆದಂತೆ ನನ್ನನ್ನು ಕಂಡರೇ ಹೆದರತೊಡಗಿದಳು.

ಅಕ್ಕನ ಹಳ್ಳಿಯಿಂದ ಗೌನಿಪಲ್ಲಿಗೆ ನಡೆದು ಬಂದು ನಮ್ಮೂರು ಮುಳಬಾಗಿಲಿನ ಬಸ್ಸಿಗೆ ಕಾಯುತ್ತಿದ್ದೆ. ಸುಮಾ ಹೆಗಲ ಮೇಲೆ ನಿದ್ದೆಹೋಗಿದ್ದಳು. ಮಾವಿನ ಸೀಸನ್, ರಸ್ತೆ ತುಂಬ ಲಾರಿ. ಹಿಂದಿನ ಬೀದಿಯಿಂದ ಒಬ್ಬ ಮುದುಕಿ ತೆಲುಗಿನಲ್ಲಿ ಕಿರುಚಿದ್ದು ಕೇಳಿಸಿತು: "ಗದ್ದ! ನಾ ಪಿಲ್ಲನಿ ಗದ್ದ ಎತ್ತುಕುಪೋಯಿಂದೇ!"

ತೆಲುಗು ಗಡಿಯ ನಮ್ಮ ಕಡೆಯವರಿಗೆ ಇದು ಅರ್ಥವಾಗುತ್ತದೆ. ತೆಲುಗಿನ ಗದ್ದ ಅಂದರೆ ಹದ್ದು. ಪಿಲ್ಲ ಅಂದರೆ ಮರಿ. ಮಗುವೂ ಹೌದು. ಆದರೆ ಆ ಬೀದಿಯಲ್ಲಿ ಅದನ್ನು ಕೇಳಿಸಿಕೊಂಡವನು ಮಂಡ್ಯ ಕಡೆಯ ಲಾರಿ ಡ್ರೈವರ್. ಓಡಿ ಬಂದವನೇ ಕೂಗಿದ: "ಯಾವನೋ ಗಡ್ಡದವ್ನು ಮಗಾ ಎತ್ಕಂಡು ವೋದ್ನಂತೆ ಕಣ್ರಪ್ಪಾ!"

ಅಲ್ಲಿ ಗಡ್ಡವಿದ್ದದ್ದು ನನಗೊಬ್ಬನಿಗೇ. ಕೈಯಲ್ಲಿ ಮಗು ಬೇರೆ.

"ಯಾರ್ದೋ ಈ ಪಾಪು?" ಒಬ್ಬ ನನ್ನ ಕಾಲರ್ ಹಿಡಿದ.

"ನನ್ನ ಮಗಳು ಕಣಪ್ಪಾ."

"ಕಳ್ರೆಲ್ಲ ಹಂಗೇ ಅನ್ನೋದು."

ಗಲಾಟೆಗೆ ಸುಮಾ ಎಚ್ಚರವಾದಳು. ಟೀ ಅಂಗಡಿಯವನು ಅಕ್ಕರೆಯಿಂದಲೇ ಕೇಳಿದ: "ಪಾಪಾ, ಇವ್ರು ಯಾರಮ್ಮಾ?" ಅವಳು ನನ್ನ ಮುಖ ನೋಡಿದಳು. ಗಡ್ಡ ನೋಡಿದಳು. ಜನರನ್ನು ನೋಡಿ ಬಿಕ್ಕಿದಳು.

"ಅಮ್ಮ ಬೇಕು..."

ಇನ್ನೇನು ಬೇಕು? ಯಾರೋ ಅವಳನ್ನು ನನ್ನ ತೋಳಿನಿಂದ ಕಿತ್ತುಕೊಂಡರು. ಮುದುಕಿ ಕೂಗಿದ್ದು ಹದ್ದಿನ ವಿಷಯ ಎಂದೆ, ಯಾರೂ ಕಿವಿಗೊಡಲಿಲ್ಲ. ಮುಳಬಾಗಿಲಿಗೆ ಟ್ರಂಕ್ ಕಾಲ್ ಮಾಡಿ ಕೇಳಿ ಎಂದೆ. (ಭಾನುವಾರ ಪೋಸ್ಟ್ ಆಫೀಸ್ ಎಲ್ಲಿ ತೆಗೆದಿರುತ್ತದೆ?) ಬೆನ್ನಿಗೆ ಮೊದಲ ಏಟು ಬಿತ್ತು. ನೋವಿಗಿಂತ, ಜನರ ಕಾಲುಗಳ ಸಂದಿಯಲ್ಲಿ ಮಗಳು ಕಾಣಿಸದೇ ಹೋದದ್ದಕ್ಕೆ ಹುಚ್ಚನಂತೆ ಕೂಗಿದೆ.

ಅಷ್ಟರಲ್ಲಿ ಗದ್ದಲ ಕೇಳಿ ಆ ಮುದುಕಿಯೇ ಬಂದಳು. "ಅಜ್ಜೀ, ನಿನ್ ಮೊಮ್ಮಗು ಸಿಕ್ತು!" ಎಂದರು ಯಾರೋ. ಅಜ್ಜಿ ಸುಮಾಳನ್ನು ನೋಡಿ ತಬ್ಬಿಬ್ಬಾದಳು.

"ಇದ್ಯಾರ್ ಕೂಸೋ? ನಂದು ಕೋಳಿಪಿಲ್ಲ ಕಣ್ರಾ! ಗದ್ದ ರಾ, ಗದ್ದ!" ಎಂದು ಎರಡೂ ಕೈಗಳನ್ನು ರೆಕ್ಕೆಯಂತೆ ಬಡಿದು ಆಕಾಶ ತೋರಿಸಿದಳು.

ಎಲ್ಲರೂ ತಲೆಯೆತ್ತಿ ಆಕಾಶ ನೋಡಿದರು. ಆಮೇಲೆ ಇಡೀ ಬಸ್ ಸ್ಟ್ಯಾಂಡ್ ನಕ್ಕಿತು. ನನ್ನ ಕಾಲರ್ ಹಿಡಿದಿದ್ದವನೇ ಅದರ ಸುಕ್ಕು ಬಿಡಿಸಿದ. ಲಾರಿ ಡ್ರೈವರ್ ಮಾತ್ರ ನಗಲಿಲ್ಲ. ಸುಮಾಳನ್ನು ತಂದು ನನ್ನ ಕೈಗಿಟ್ಟು, "ತೆಪ್ಪಾಯ್ತು ಸಾಮಿ" ಎಂದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಸುಮಾ ನನ್ನ ಗಡ್ಡವನ್ನೇ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಅಂದಿನಿಂದ ಈ ಹಕ್ಕಿ ನನ್ನ ತಲೆ ತಿನ್ನುತ್ತಿದೆ. ದೇವರನ್ನು ಹೊತ್ತರೆ ಗರುಡ, ಕೆನ್ನೆ ಬಡಿದುಕೊಳ್ಳುತ್ತೇವೆ. ಕೋಳಿಮರಿ ಹೊತ್ತರೆ ಹದ್ದು, ಕಲ್ಲೆಸೆಯುತ್ತೇವೆ. ಹಳೆಯ ಕಾವ್ಯಗಳ ರಣರಂಗದಲ್ಲಿ ಹೆಣಗಳ ಮೇಲೆರಗುವುದೂ ಇದೇ. ಪೊಲೀಸರಿಗೆ ‘ಹದ್ದಿನ ಕಣ್ಣು’ ಎಂದರೆ ಹೊಗಳಿಕೆ. ಮಾತು ‘ಹದ್ದು ಮೀರಿತು’ ಎಂದಾಗ ಹಕ್ಕಿಯೇ ಇಲ್ಲ, ಬರೀ ಎಲ್ಲೆ. ಇನ್ನು ಗದ್ದ? ಅದು ಕನ್ನಡದಲ್ಲಿ ಮುಖದ ಮೇಲಿದೆ, ಗಡ್ಡ ಬೆಳೆಯುವ ಜಾಗ!

ಹೆಂಡತಿಗೆ ಇದೆಲ್ಲ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದ ಅವಳ ಕೈ ನಿಂತಿತು. ಅವಳು ಕೇಳಿದಳು:

"ಆವತ್ತು ಆ ಊರಲ್ಲಿ ನಿಜವಾಗ್ಲೂ ಒಂದು ಮಗು ಕಳೆದುಹೋಗಿದ್ದಿದ್ರೆ?"