ಹರಕೆಯ ಕೂದಲಿಗೆ ಬಿದ್ದ ಕತ್ತರಿ

ಬೆಳಕು ಹರಿಯುವ ಮುಂಚೆಯೇ ಗೇಟು ಕಿರುಗುಟ್ಟುತ್ತದೆ. ಭದ್ರಾವತಿ ಓಲ್ಡ್ ಟೌನಿನ ಡಿಸ್ಪೆನ್ಸರಿ ಜಗಲಿಯಲ್ಲಿ ಒಲೆ ಊದುತ್ತಿರುವ ಸರ್ವರ್ ಬೀ ತಲೆ ಎತ್ತುವುದಿಲ್ಲ. ಗೇಟು ಕಿರುಗುಟ್ಟಿತೆಂದರೆ ಯಾವುದೋ ಮಗುವಿನ ಹುಣ್ಣು ಬಂತೆಂದೇ ಅರ್ಥ.

ಆಯಾ ಎಂಬುದು ಈಕೆಯ ಹುದ್ದೆಯ ಹೆಸರು. ಮಾಡುವುದು ಮಾತ್ರ ಊರು ಮೂಗು ಮುಚ್ಚಿಕೊಂಡು ದಾಟುವ ಕೆಲಸ. ಶಿವಮೊಗ್ಗದ ಬಸ್ಸಿನಲ್ಲಿ ಡಾಕ್ಟರು ಬಂದಿಳಿಯುವಷ್ಟರಲ್ಲಿ ಕೀವು ಒಣಗಿದ ಹಕ್ಕಳೆಯನ್ನೆಲ್ಲ ಬಿಸಿನೀರಲ್ಲಿ ನೆನೆಸಿ ಬಿಡಿಸಿರಬೇಕು. ಅದರ ಮೇಲೆಯೇ ಔಷಧ ಬಳಿದರೆ ಪಾಚಿಗೆ ಸುಣ್ಣ ಹೊಡೆದಂತೆ. ಬಳೆಯಂತೆ ಸುತ್ತುಗಟ್ಟಿ ಕೂದಲು ಮುರಿದಿದ್ದರೆ ಗಜಕರ್ಣ. ಕೆನ್ನೆಯ ಮೇಲೆ ಮಾಸಲು ಬಿಳುಪಿದ್ದರೆ ಚಿಬ್ಬು. ತೊನ್ನೆಂದು ಎದೆ ಬಡಿದುಕೊಳ್ಳಬೇಕಿಲ್ಲ. ಮುಟ್ಟಿದ್ದೇ ತಿಳಿಯದ ಮಚ್ಚೆಯಾದರೆ ಕುಷ್ಠದ ಅನುಮಾನ, ನೇರ ಡಾಕ್ಟರ ಮುಂದೆ. "ಎಲ್ಲಾ ಡಾಕ್ಟರೇ ಹೇಳಿಕೊಟ್ಟಿದ್ದು. ನಾನು ಮರೀಲಿಲ್ಲ, ಅಷ್ಟೆ" ಎನ್ನುತ್ತಾರೆ ಸರ್ವರ್ ಬೀ.

ಎದುರಿನ ಹೋಟೆಲಿನವನು ಈಕೆಗೆ ಚಹಾ ಕೊಡುವುದು ತೆಂಗಿನ ಚಿಪ್ಪಿನಲ್ಲಿ. ಹುಣ್ಣು ಮುಟ್ಟುವ ಕೈಯಂತೆ! ಅವನ ಮಗಳ ಮೂಗಿನಡಿಯ ಹಕ್ಕಳೆ ಬಿಡಿಸಿದ್ದೂ ಇದೇ ಕೈ. ನಾಚಿಕೆ ಎಂಬುದು ಇರಬೇಕು ಜನಕ್ಕೆ.

ಇವತ್ತು ಗೇಟು ತಳ್ಳಿದವಳು ಬಂಗಾರಮ್ಮ. ಕಂಕುಳಲ್ಲಿ ಮಗ ಪುಟ್ಟಣ್ಣ, ಹಿಂದೆ ಅತ್ತೆ ಲಿಂಗಮ್ಮ. ಹುಡುಗನ ಕೂದಲು ಹೆಗಲಿಗಿಳಿದಿದೆ, ತಿರುಪತಿಯ ಹರಕೆ. ಎತ್ತಿ ನೋಡಿದರೆ ಅಡಿಯಲ್ಲಿ ಕೀವು, ಹೇನು, ಅದರ ಮೇಲೆ ಕರ್ರಗಿನ ಮೆತ್ತೆ.

"ಏನೇ ಇದು?"

"ಗ್ರೀಸು. ನಮ್ಮೋರು ಕಾರ್ಖಾನೆಯಿಂದ ತಂದಿದ್ದು. ತುರಿ ಸಾಯುತ್ತೆ ಅಂತ ಅತ್ತೆ ಹಚ್ಚಿದ್ರು."

"ಎತ್ತಿನ ಗಾಡಿ ಗಾಲಿ ಏನೇ ಮಾರಾಯ್ತಿ ಇದು? ಮಗು ತಲೆ!"

ಹುಡುಗನ ಮೈ ಕೆಂಡ. ಕತ್ತಿನ ಹಿಂದೆ ಅಡಿಕೆಯಂಥ ಗಂಟುಗಳು. ಕೂದಲು ತೆಗೆಯದೆ ಹುಣ್ಣಿಗೆ ನೀರೂ ತಾಗುವುದಿಲ್ಲ, ಮದ್ದೂ ತಾಗುವುದಿಲ್ಲ. ಸರ್ವರ್ ಬೀ ಕತ್ತರಿ ಎತ್ತಿಕೊಂಡದ್ದೇ ಲಿಂಗಮ್ಮ ಅಡ್ಡ ಬಂದಳು.

"ದೇವರ ಕೂದಲದು! ಅದೂ ನಿನ್ ಕೈಲಾ?"

ಸರ್ವರ್ ಬೀ ಕತ್ತರಿಯನ್ನು ತಿರುಗಿಸಿ ಹಿಡಿಯನ್ನು ಬಂಗಾರಮ್ಮನತ್ತ ಚಾಚಿದರು.

"ನನ್ ಕೈ ಬೇಡ್ವಾ? ತಾಯಿ ಕೈ ಆಗ್ಬಹುದಲ್ಲ. ಅಜ್ಜಿ, ಬೆಟ್ಟಕ್ಕೆ ಹೋಗೋದು ತಡ ಆದ್ರೆ ಕಾಣಿಕೆನ ಹಳದಿ ಬಟ್ಟೇಲಿ ಮುಡಿಪು ಕಟ್ಟಿ ಇಡ್ತೀರಲ್ಲ, ಇದನ್ನೂ ಹಂಗೇ ಕಟ್ಟಿಡಿ. ದೇವರು ಕೂದಲು ಕೇಳಿದ್ದು, ಹುಡುಗನ್ನಲ್ಲ!"

ಬಂಗಾರಮ್ಮ ಅಳುತ್ತಲೇ ಕತ್ತರಿ ಆಡಿಸಿದಳು. ಮೊದಲ ಎಳೆ ಬೀಳುವಾಗ ಮುದುಕಿ ತಾನೇ ಸೆರಗೊಡ್ಡಿದಳು. ಆಮೇಲೆ ಸರ್ವರ್ ಬೀ ಕೊಬ್ಬರಿ ಎಣ್ಣೆಯಲ್ಲಿ ಗ್ರೀಸು ಕರಗಿಸಿ, ಸೋಪು ಹಾಕಿ ತೊಳೆದು, ಹಕ್ಕಳೆ ನೆನೆಸಿ, ನೇರಳೆ ಔಷಧ ಹಚ್ಚಿದರು. ಹುಡುಗ ಕಚ್ಚಿದ, ಕಚ್ಚಿಸಿಕೊಂಡರು. ಡಾಕ್ಟರು ಬಂದವರೇ ಪೆನ್ಸಿಲಿನ್ ಸೂಜಿ ಚುಚ್ಚಿದರು.

ತಿಂಗಳು ಕಳೆದಿದೆ. ಮತ್ತೆ ಗೇಟು ಕಿರುಗುಟ್ಟುತ್ತದೆ. ಲಿಂಗಮ್ಮನ ಸೊಂಟದ ಮೇಲೆ ಪುಟ್ಟಣ್ಣ. ತಲೆಯಲ್ಲಿ ಆಗಷ್ಟೇ ಮೊಳೆತ ರಾಗಿ ಪೈರು. ಕೃತಜ್ಞತೆಯ ಮಾತೇನೂ ಇಲ್ಲ. "ಇನ್ನೂ ಕೆರ್ಕೊಳ್ತಾನೆ, ನೋಡು" ಎಂದು ಗೊಣಗುತ್ತಾಳೆ.

ಆದರೆ ಮಗುವನ್ನು ನೀಡುವುದು ಅದೇ ಕೈಗೆ.

ಸರ್ವರ್ ಬೀ ಬೆರಳಾಡಿಸಿ, ತಲೆಯನ್ನು ಬಿಸಿಲಿಗೆ ತಿರುಗಿಸಿ ನೋಡುತ್ತಾರೆ. "ಮಾಯ್ತಿರೋ ನವೆ ಅಜ್ಜಿ, ಏನಿಲ್ಲ." ಹಿಂದೆಯೇ ಬಂದ ಬಂಗಾರಮ್ಮ, ನಿಮಗೇನಾದರೂ ಬೇಕಿತ್ತಾ ಎಂದು ಕೇಳಿದರೆ ಲಿಂಗಮ್ಮನತ್ತ ತಿರುಗುತ್ತಾರೆ.

"ಆ ಗ್ರೀಸು ಡಬ್ಬಿ ಮಿಕ್ಕಿದ್ರೆ ತಂದ್ಕೊಡಿ. ಈ ಗೇಟಿಗೆ ಬೇಕು."