ಎರಡು ದಿನ ಇಟ್ಟ ನೀರು

ನನ್ನ ಬಾಯಿಗೆ ಬೀಗವಿಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಒಂದು ಸಂಸಾರ ಮುರಿಯಲು ನನಗೆ ಒಂದೇ ಮಾತು ಸಾಕಾಯಿತು. ಸಂಸಾರ ನನ್ನ ತಮ್ಮನದು, ಮಾತು ಬಿದ್ದದ್ದು ಅವನ ಹೆಂಡತಿಯ ಮೇಲೆ.

ಬಟ್ಟೆಗೆ ಬಣ್ಣ ಹಾಕುವುದು ಅವಳ ಕಸುಬು. ಉಗುರ ಸಂದಿಯ ನೀಲಿ ಎಷ್ಟು ತಿಕ್ಕಿದರೂ ಹೋಗದು. ಮೆತ್ತನೆಯ ಹೆಂಗಸು, ಆದರೆ ಬಣ್ಣದ ವಿಷಯದಲ್ಲಿ ಯಾರ ಮಾತೂ ಕೇಳಳು. ಮದುವೆಯಾದ ಮೂರನೇ ವರ್ಷ, ದೂರದ ಬಿಸಿಲು ದೇಶವೊಂದರ ಹೆಂಗಸರಿಗೆ ಈ ಕೆಲಸ ಕಲಿಸಲು ಒಬ್ಬಳೇ ಹೋಗಿ ಒಂದು ವರ್ಷ ಇದ್ದಳು. ಅಲ್ಲಿನವರು ಕೆರೆಯ ನೀರನ್ನು ಡ್ರಮ್ಮಿಗೆ ತುಂಬಿ, ಎರಡು ದಿನ ಹಾಗೇ ಬಿಟ್ಟು ಆಮೇಲೆ ಬಳಸುತ್ತಿದ್ದರಂತೆ. ಇವಳಿಗೆ ನಗು. ಹಳೆಯ ನೀರಿನಲ್ಲಿ ಜಾಲಿಸಿದರೆ ಬಣ್ಣ ಮಂಕಾಗುತ್ತದೆ ಎಂದು ತಾನೇ ಸೊಂಟಮಟ್ಟ ಕೆರೆಗಿಳಿದು, ದಿನವೂ ಮಧ್ಯಾಹ್ನ ಥಾನುಗಟ್ಟಲೆ ಬಟ್ಟೆ ಜಾಲಿಸಿದಳು. ಸಂಜೆ ಕಾಲೆಲ್ಲ ನವೆ. ಬಣ್ಣದ್ದೇ ಇರಬೇಕು ಎಂದುಕೊಂಡು ಎಣ್ಣೆ ಸವರಿದಳು.

ವಾಪಸು ಬಂದ ಕೆಲವೇ ತಿಂಗಳಲ್ಲಿ ಕಿಬ್ಬೊಟ್ಟೆ ನೋವು ಶುರುವಾಯಿತು. ಗಂಡನ ಜೊತೆ ಮಲಗಿದರೆ ರಕ್ತ. ಮೊದಲ ಡಾಕ್ಟರು, ಇದು ಗಂಡು ಹೆಣ್ಣು ಕೂಡುವುದರಿಂದ ಅಂಟುವ ಕಾಯಿಲೆ ಇರಬಹುದು ಎಂದು ಮಾತ್ರೆ ಬರೆದು, ಗಂಡನನ್ನೂ ಪರೀಕ್ಷೆಗೆ ಕಳಿಸಿದರು. ತಮ್ಮನಿಗೆ ಏನೂ ಇರಲಿಲ್ಲ. ಅವತ್ತು ಊಟಕ್ಕೆ ಕೂತಾಗ, ಅವನ ಎದುರಿಗೇ ನಾನು ಕೇಳಿದೆ.

“ಗಂಡನಿಗಿಲ್ಲದ ಕಾಯಿಲೆ ನಿನಗೆ ಎಲ್ಲಿಂದ ಬಂತು?”

ಅವಳು ಬಾಯಿ ತೆರೆದಳು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ತಮ್ಮ ಆ ವಾರವೇ ಹಾಸಿಗೆಯನ್ನು ಹೊರಕೋಣೆಯಲ್ಲಿ ಹಾಕಿಕೊಂಡ, ಆಮೇಲೆ ಬೇರೆ ಊರಿಗೆ ವರ್ಗ ಮಾಡಿಸಿಕೊಂಡ, ಕೊನೆಗೆ ಬಿಡುಗಡೆಯ ಕಾಗದವೂ ಬಂತು.

ಏಳು ವರ್ಷ ಅವಳು ಬಣ್ಣದ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಕಳೆದಳು. ಒಂದು ತಟ್ಟೆ, ಒಂದು ದಿಂಬು. ಭಾನುವಾರ ಮಾತಾಡಲು ಯಾರೂ ಇಲ್ಲದೆ ಸೋಮವಾರ ಗಂಟಲು ಕಟ್ಟಿರುತ್ತಿತ್ತಂತೆ. ಬೀದಿಯಲ್ಲಿ ಎದುರಾದರೆ ನಾನು ಅಂಗಡಿಗಳ ಬೋರ್ಡು ಓದುತ್ತಾ ನಿಂತುಬಿಡುತ್ತಿದ್ದೆ.

ಹೋದ ವಾರ ಅವಳೇ ನಮ್ಮ ಮನೆಯ ಬಾಗಿಲು ತಟ್ಟಿದಳು. ಕೈಯಲ್ಲಿ ಆಸ್ಪತ್ರೆಯ ಕಾಗದ. ಹೊಸದಾಗಿ ಬಂದ ಡಾಕ್ಟರಮ್ಮ ಗರ್ಭಕೋಶದ ಬಾಯಿಂದ ಚೂರು ಮಾಂಸ ತೆಗೆದು ನೋಡಿದರೆ, ಅದರ ತುಂಬ ಹುಳುವಿನ ಮೊಟ್ಟೆ. ಆ ದೇಶದ ಕೆರೆಯ ಬಸವನಹುಳುವಿನೊಳಗೆ ಬೆಳೆದು ನೀರಿಗೆ ಬಂದ ಈ ಹುಳುವಿನ ಮರಿ ಚರ್ಮ ಕೊರೆದು ಒಳಗೆ ಸೇರಿ, ರಕ್ತದಲ್ಲೇ ಮನೆ ಮಾಡಿತ್ತು. ಎರಡು ದಿನ ಇಟ್ಟ ನೀರಿನಲ್ಲಿ ಆ ಮರಿ ಸಾಯುತ್ತದಂತೆ. ಮಾತ್ರೆಯಿಂದ ಹುಳು ಹೋಯಿತು. ಆದರೆ ಒಳಗಿನ ಗಾಯ ಹಳೆಯದು, ಮಗುವಿನ ಆಸೆ ಬಿಡಿ ಅಂದರಂತೆ.

ಅವಳಿಗೆ ನನ್ನಿಂದ ಬೇಕಾಗಿದ್ದು ಒಂದೇ. ತಾನು ತಪ್ಪು ಮಾಡಿಲ್ಲ ಎಂದು ನಾನೇ ತಮ್ಮನಿಗೆ ಹೇಳಬೇಕು. ಅವಳ ಎದುರಿಗೇ ಫೋನು ಮಾಡಿ ಕಾಗದವನ್ನು ಅಕ್ಷರ ಬಿಡದೆ ಓದಿದೆ. ಆ ಕಡೆ ಅವನ ಎರಡನೇ ಮದುವೆಯ ಮಗು ಅಳುವುದು ಕೇಳುತ್ತಿತ್ತು.

“ಈಗ ಹೇಳಿ ಏನು ಪ್ರಯೋಜನ ಅಕ್ಕಾ?” ಅಂದು ಇಟ್ಟುಬಿಟ್ಟ.

“ನಂಬಿದ್ರಾ?” ಎಂದಳು.

ನಂಬಿದ ಅಂದೆ. ನಿಜವೋ ಸುಳ್ಳೋ, ನನಗೂ ಗೊತ್ತಿಲ್ಲ. ನನ್ನದು ತಪ್ಪಾಯಿತು ಅನ್ನಲು ಹೋದರೆ, ಇಷ್ಟುದ್ದದ ನಾಲಿಗೆ ಏಳಲಿಲ್ಲ. ಊಟ ಮಾಡಿಕೊಂಡು ಹೋಗು ಅಂದೆ. ಬೇಡವೆಂದು ಚಪ್ಪಲಿ ಹಾಕಿಕೊಂಡಳು.

“ಆ ಡಾಕ್ಟರಮ್ಮನೂ ನೀವು ಕೇಳಿದ್ದನ್ನೇ ಕೇಳಿದ್ರು ಅತ್ತಿಗೆ, ಎಲ್ಲಿಂದ ಬಂತು ಅಂತ,” ಅಂದಳು. “ಕೇಳಿದ ಮೇಲೆ, ನಾನು ಹೇಳಿ ಮುಗಿಸೋವರೆಗೂ ಕೂತಿದ್ರು.”

ಮೆಟ್ಟಿಲಿಳಿದು ಹೋದಳು. ಕಾಗದ ನನ್ನ ಕೈಯಲ್ಲೇ ಉಳಿದಿತ್ತು.